ಬಸ್ಸಿನ ಪ್ರಶ್ನೆ

ಮನೆಯೊಳಗೆ ಫೋನಿಗೆ ಸಿಗ್ನಲ್ ಸಿಗದೆ ಕರಡಿಯವರು ಮೆಟ್ಟಿಲ ಬಳಿ ಬಂದು ಮಾತಾಡಿದ್ದೇ ಆ ದಿನದ ಅನಾಹುತಕ್ಕೆಲ್ಲ ಮೂಲ.

ಕರಡಿ ಎನ್ನುವುದು ಅವರ ಹೆಸರಲ್ಲ. ಮುದ್ರಣಾಲಯವೊಂದಕ್ಕೆ ಕರಡು ತಿದ್ದಿಕೊಡುವುದು ಅವರ ಕಸುಬು. ಕರಡು ತಿದ್ದುವವರಾದ್ದರಿಂದಲೂ ಗುಹೆ ಬಿಟ್ಟು ಹೊರಗೆ ಬಾರದವರಾದ್ದರಿಂದಲೂ ಕಟ್ಟಡದವರು ಅವರಿಗೆ ಆ ಹೆಸರಿಟ್ಟಿದ್ದರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಎದುರಿಗೆ ಅವರನ್ನು ಯಾರೂ ಏನೂ ಕರೆಯುತ್ತಿರಲಿಲ್ಲ.

ಕರಡು ತಿದ್ದಿ ಮುಗಿದ ಮೇಲೆ ಅವರು ಮಾಡುತ್ತಿದ್ದ ಇನ್ನೊಂದು ಕೆಲಸ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಉದ್ದದ ಪದವೊಂದು ಸಾಲಿನ ಕೊನೆಗೆ ಹಿಡಿಸದಿದ್ದರೆ ಅದನ್ನು ಎಲ್ಲಿ ಮುರಿದು ಮುಂದಿನ ಸಾಲಿಗೆ ಕಳಿಸಬೇಕೆಂದು ಕಂಪ್ಯೂಟರಿಗೆ ಹೇಳಿಕೊಡುವ ಪುಟ್ಟ ಪ್ರೋಗ್ರಾಮೊಂದನ್ನು ಅವರು ಹಿಂದೊಮ್ಮೆ ಬರೆದಿದ್ದರು. ಬರೆದು, ಯಾರು ಬೇಕಾದರೂ ಬಳಸಿ, ಯಾರು ಬೇಕಾದರೂ ತಿದ್ದಿ ಎಂದು ಮುಕ್ತವಾಗಿ ಬಿಟ್ಟಿದ್ದರು. ಪತ್ರಿಕೆಗಳು ಬಳಸಿದವು, ಫೋನುಗಳು ಬಳಸಿದವು. ತಿದ್ದುವುದಕ್ಕೆ ಮಾತ್ರ ಯಾರೂ ಬರಲಿಲ್ಲ. ಊರ ಬಾವಿಯ ಹಾಗೆ: ಸೇದುವವರು ಸಾವಿರ, ಹೂಳೆತ್ತುವವನು ಒಬ್ಬ.

ಇಂಥ ಮುಕ್ತ ಪ್ರೋಗ್ರಾಮುಗಳನ್ನೂ ಅವನ್ನು ಬರೆಯುವವರ ಬಳಗಗಳನ್ನೂ ಸಲಹಲು ಒಂದು ಸಂಸ್ಥೆಯಿತ್ತು. ಲಾಭ ಅದರ ಉದ್ದೇಶವಲ್ಲ. ಪ್ರೋಗ್ರಾಮುಗಳನ್ನು ಇಡಲು ಕಂಪ್ಯೂಟರು, ಕಾನೂನಿನ ತಕರಾರು ಬಂದರೆ ವಕೀಲರು, ಬಳಗದೊಳಗೆ ಜಗಳ ಬಂದರೆ ಪಂಚಾಯಿತಿ, ಎಲ್ಲವನ್ನೂ ಅದೇ ನೋಡಿಕೊಳ್ಳುತ್ತಿತ್ತು. ಕರಡಿಯವರಿಗೆ ವಕೀಲರ ಅಗತ್ಯ ಬಿದ್ದಿರಲಿಲ್ಲ. ಜಗಳಕ್ಕೆ ಇನ್ನೊಬ್ಬರು ಇರಲಿಲ್ಲ.

ಅಂದು ಬೆಳಿಗ್ಗೆ ಸಂಸ್ಥೆಯ ಸಂಯೋಜಕಿ ಮೊದಲ ಸಲ ಫೋನ್ ಮಾಡಿದರು. ಅದುವರೆಗೆ ಎಲ್ಲ ಇ-ಮೇಲಿನಲ್ಲೇ ನಡೆಯುತ್ತಿತ್ತು.

"ಸರ್, ಹೊಸ ನಿಯಮ. ಪ್ರತಿ ಪ್ರೋಗ್ರಾಮನ್ನ ತಿದ್ದೋ ಕೀಲಿ ಇಬ್ಬರ ಹತ್ರ ಇರಬೇಕು. ಇದನ್ನ ಬಸ್ಸಿನ ಪ್ರಶ್ನೆ ಅಂತಾರೆ. ನಾಳೆ ನೀವು ಬಸ್ಸಿಗೆ ಸಿಕ್ಕಿ ಹೋಗಿಬಿಟ್ರೆ ಮುಂದೆ ಯಾರು?"

"ಏನಂದ್ರಿ? ಕೇಳಿಸ್ತಿಲ್ಲ," ಎನ್ನುತ್ತ ಕರಡಿಯವರು ಬಾಗಿಲು ತೆಗೆದು ಮೆಟ್ಟಿಲಿಗೆ ಬಂದರು. ತಮಗೆ ಕೇಳಿಸದಿದ್ದರೆ ಅತ್ತಲಿನವರಿಗೂ ಕೇಳಿಸುವುದಿಲ್ಲವೆಂದು ನಂಬಿದವರು ಅವರು. ಗಂಟಲು ಹರಿಯುವ ಹಾಗೆ ಕೂಗಿದರು: "ನಾಳೆ ನಾನು ಬಸ್ಸಿಗೆ ಸಿಕ್ಕಿ ಸಾಯೋದು, ಅದು ತಾನೆ? ಗೊತ್ತಾಯ್ತು! ಇಲ್ಲ ಮೇಡಂ, ನನಗೆ ಹಿಂದೆ ಮುಂದೆ ಯಾರೂ ಇಲ್ಲ! ಸಂಜೆ ಆರಕ್ಕೆ ಕೊನೇನಾ? ಆಗಲಿ. ಅಷ್ಟರೊಳಗೆ ಏನಾದ್ರೂ ಮಾಡ್ಕೋತೀನಿ!"

ಆರರೊಳಗೆ ಎರಡನೆಯವರ ಹೆಸರು ಹೇಳದಿದ್ದರೆ ಪ್ರೋಗ್ರಾಮಿಗೆ ಬೀಗ ಬೀಳುತ್ತಿತ್ತು. ಬಳಸುವವರು ಬಳಸಿಕೊಳ್ಳಬಹುದು, ತಿದ್ದಲು ಯಾರಿಗೂ ಆಗದು, ಕರಡಿಯವರಿಗೂ. ಅವರ ಸಂಜೆಗಳಿಗೆ ಇದ್ದ ಸಂಗಾತಿ ಅದೊಂದೇ.

ರಾತ್ರಿ ಪಾಳಿ ಮುಗಿಸಿ ಬಂದು ಬೀಗ ತೆಗೆಯುತ್ತಿದ್ದ ಎದುರುಮನೆಯ ನರ್ಸಮ್ಮನ ಕೈಯಿಂದ ಬೀಗದ ಕೈ ಜಾರಿ ಬಿತ್ತು.

ಕರಡಿಯವರು ಅದನ್ನು ಗಮನಿಸಲಿಲ್ಲ. ಯಾರನ್ನು ಕೇಳುವುದು ಎಂದು ಯೋಚಿಸುತ್ತ ನಿಂತಿದ್ದರು. ತಲೆಯಲ್ಲಿ ಬಂದ ಮುಖಗಳು ಮೂರೇ: ಅಕ್ಕ, ಮುದ್ರಣಾಲಯದಲ್ಲಿ ಪುಟ ಜೋಡಿಸುವವನು, ಹಾಲು ಹಾಕುವವನು. ಹಾಲಿನವನ ಮುಖ ಸ್ಪಷ್ಟವಾಗಿರಲಿಲ್ಲ.

ಅಲ್ಲಿಂದಲೇ ಅಕ್ಕನಿಗೆ ಫೋನ್ ಹಚ್ಚಿದರು. "ಅಕ್ಕಾ, ನಾನು ಸತ್ತರೆ ನಂದನ್ನೆಲ್ಲ ನೀನು ನೋಡ್ಕೋತೀಯಾ?"

"ನಿಂದು ಅಂತ ಏನಿದೆಯೋ ನೋಡ್ಕೊಳ್ಳೋಕೆ?" ಎಂದಳು ಅಕ್ಕ. "ಹೋದ ಸಲ ಬಂದಾಗ ಎರಡು ಸ್ಟೀಲ್ ಡಬ್ಬಿ ತಗೊಂಡು ಹೋದೆಯಲ್ಲ, ಅವನ್ನ ವಾಪಸ್ ಕೊಡು ಮೊದಲು. ಆಮೇಲೆ ಸಾಯೋ ಮಾತು."

"ಡಬ್ಬಿ ತಲುಪಿಸ್ತೀನಿ ಅಕ್ಕಾ. ಇವತ್ತೇ ಎಲ್ಲ ಮುಗಿಸಿಬಿಡ್ತೀನಿ."

ನರ್ಸಮ್ಮನಿಗೆ ಕೇಳಿಸಿದ್ದು ಕರಡಿಯವರ ಮಾತು ಮಾತ್ರ. ಕೆಳಗೆ ಬಿದ್ದದ್ದನ್ನು ಎತ್ತಿಕೊಳ್ಳದೆಯೇ ಅವರು ಎರಡನೇ ಮಹಡಿಗೆ ಓಡಿದರು. ಅಲ್ಲಿದ್ದವರು ಕಟ್ಟಡ ಸಂಘದ ಕಾರ್ಯದರ್ಶಿ. ಮೆಟ್ಟಿಲ ಬಲ್ಬು ಬದಲಿಸುವುದಕ್ಕೂ ಸಭೆ ಕರೆಯುವ ಮನುಷ್ಯ.

ಇತ್ತ ಕರಡಿಯವರು ಪುಟ ಜೋಡಿಸುವವನನ್ನು ಮುಖತಃ ಕೇಳೋಣವೆಂದು ಚಪ್ಪಲಿ ಮೆಟ್ಟಿ ಬಸ್ ಸ್ಟಾಪಿಗೆ ಹೊರಟರು. ಬಸ್ಸು ಬಂತು. ಕೈ ಎತ್ತಿ ಒಂದು ಹೆಜ್ಜೆ ಮುಂದಿಟ್ಟರು, ಅಷ್ಟೆ. ಹಿಂದಿನಿಂದ ಕಾರ್ಯದರ್ಶಿ ಬಂದು ಅವರ ನಡುವನ್ನು ಉಡದ ಹಾಗೆ ಹಿಡಿದುಕೊಂಡರು.

"ಬಿಡಿ ಸಾರ್! ನಾನು ಹೋಗ್ಬೇಕು!"

"ಹೋಗೋಕೆ ಬಿಡಲ್ಲ! ಸಂಘಕ್ಕೆ ತಿಳಿಸದೆ ಯಾರೂ ಹೀಗೆಲ್ಲ ಹೋಗೋ ಹಾಗಿಲ್ಲ!"

"ಅಯ್ಯೋ, ಬಸ್ಸು ಸಾರ್, ಬಸ್ಸು!"

"ಬಸ್ಸು ಅಂತ ಗೊತ್ತು ಕಣ್ರೀ! ಅದಕ್ಕೇ ಹಿಡ್ಕೊಂಡಿರೋದು!"

ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಹತ್ತೋದಾದ್ರೆ ಹತ್ರೀ, ಇಲ್ಲಾಂದ್ರೆ ಅಪ್ಕೊಂಡೇ ನಿಂತಿರಿ. ನನಗೆ ಟೈಮಾಯ್ತು!"

ಮುಂದಿನ ಬಸ್ಸಿಗೂ ಇದೇ ಕತೆ. ಅದರ ಮುಂದಿನ ಬಸ್ಸಿನ ಹೊತ್ತಿಗೆ ಸ್ಟಾಪಿನಲ್ಲಿದ್ದವರೂ ಕೈಜೋಡಿಸಿದ್ದರು. ಒಬ್ಬರು ಕಾಲು ಹಿಡಿದಿದ್ದರು. ವಿಷಯ ಗೊತ್ತಿಲ್ಲದ ಇನ್ನೊಬ್ಬರು, "ಯಾರ ಪರ್ಸ್ ಹೊಡೆದ?" ಎಂದು ಕೇಳುತ್ತಿದ್ದರು. ದೊಡ್ಡ ಕುಂಬಳಕಾಯಿಯನ್ನು ಹೊತ್ತು ತರುವಂತೆ ಕರಡಿಯವರನ್ನು ಕಟ್ಟಡಕ್ಕೆ ತಂದದ್ದಾಯಿತು.

ಅವರ ಮನೆಯಲ್ಲಿ ಸಭೆ ಮಾಡೋಣವೆಂದರೆ ಒಂದೇ ಕುರ್ಚಿ, ಒಂದೇ ಲೋಟ. ಆದ್ದರಿಂದ ಎಲ್ಲರೂ ತಮ್ಮ ತಮ್ಮ ಕುರ್ಚಿ ತಂದು ಮೆಟ್ಟಿಲ ಬಳಿಯಲ್ಲೇ ಹಾಕಿದರು. ನರ್ಸಮ್ಮ ಕರಡಿಯವರ ತೋಳಿಗೆ ಪಟ್ಟಿ ಸುತ್ತಿ ಬೀಪಿ ನೋಡಿದರು. ನೋಡಿದವರ ಮುಖ ಸಪ್ಪಗಾಯಿತು.

"ಎಷ್ಟಿದೆ?" ಎಂದರು ಕಾರ್ಯದರ್ಶಿ.

"ನನಗಿಂತ ಚೆನ್ನಾಗಿದೆ. ಅದೇ ಭಯ. ಗಟ್ಟಿ ನಿರ್ಧಾರ ಮಾಡಿದವರಿಗೆ ಹೀಗೇ ಶಾಂತವಾಗಿರುತ್ತೆ."

"ಅಮ್ಮಾ, ನನಗೇನೂ ಆಗಿಲ್ಲ," ಎಂದರು ಕರಡಿಯವರು. "ಎಲ್ಲಿ ಮುರೀಬೇಕು ಅಂತ ಗೊತ್ತಿರೋನು ನಾನೊಬ್ಬನೇ. ಅಷ್ಟೇ ತೊಂದರೆ."

"ಮನಸ್ಸು ಮುರಿದವರ್ಯಾರು ಹೇಳಣ್ಣಾ."

"ಮನಸ್ಸಲ್ಲಮ್ಮ. ಪದ."

"ಹಾಂ! ಕೊಟ್ಟ ಮಾತು ಮುರಿದಿದ್ದಾರೆ," ಎಂದು ನರ್ಸಮ್ಮ ಉಳಿದವರಿಗೆ ಬಿಡಿಸಿ ಹೇಳಿದರು. ಎಲ್ಲರೂ ಲೊಚಗುಟ್ಟಿದರು.

ಯಾರೋ ಫ್ಲಾಸ್ಕಿನಲ್ಲಿ ಚಹಾ ತಂದರು. "ಸಕ್ಕರೆ ಎಷ್ಟು ಹಾಕಲಿ?" ಎಂದು ಕೇಳಿದರು. ಆ ಪ್ರಶ್ನೆಯನ್ನು ಕರಡಿಯವರಿಗೆ ಯಾರಾದರೂ ಕೇಳಿ ಬಹಳ ವರ್ಷವಾಗಿತ್ತು. ಕೆಳಗಿನ ಮನೆಯವರು ತಮ್ಮ ಮಂಡಿನೋವಿನ ಬಗ್ಗೆ ಹೇಳಿದರು. ಇನ್ನೊಬ್ಬರು ಅಳಿಯನ ಬಗ್ಗೆ ದೂರು ಹೇಳಿದರು. ಕರಡಿಯವರು ಹೂಂಗುಟ್ಟಿದರು. ಎರಡು ಸಲ ಬಾಯಿಬಿಟ್ಟು ನಕ್ಕರೂ ಕೂಡ. ಬಸ್ಸು, ಬೀಗ, ಆರು ಗಂಟೆ, ಯಾವುದೂ ನೆನಪಿಗೆ ಬರಲಿಲ್ಲ.

ಆರಕ್ಕೆ ಫೋನ್ ಬಡಿದುಕೊಂಡಿತು. ಕಾರ್ಯದರ್ಶಿ ಅದನ್ನು ಕಸಿದು ಸ್ಪೀಕರ್ ಒತ್ತಿದರು. "ಯಾರ್ರೀ ನೀವು? ಒಬ್ಬ ಮರ್ಯಾದಸ್ಥರನ್ನ ಬಸ್ಸಿಗೆ ಬೀಳು ಅಂತೀರಲ್ಲ, ನಾಚಿಕೆ ಆಗಲ್ವಾ?"

ಸಂಯೋಜಕಿ ಮೊದಲು ಬೆಚ್ಚಿದರು, ಆಮೇಲೆ ನಿಧಾನವಾಗಿ ಎಲ್ಲವನ್ನೂ ವಿವರಿಸಿದರು. ಪ್ರೋಗ್ರಾಮು, ಕೀಲಿ, ಎರಡನೆಯವರು. ವಿವರಣೆ ಮುಗಿಯುವ ಹೊತ್ತಿಗೆ ಮೆಟ್ಟಿಲ ಬಳಿ ನಿರಾಸೆ ಕವಿದಿತ್ತು.

"ಅಂದ್ರೆ ಇವರು ಸಾಯಲ್ವಾ?" ಎಂದರು ಮಂಡಿನೋವಿನವರು.

ಕಾರ್ಯದರ್ಶಿ ಮಾತ್ರ ಎದೆಗುಂದಲಿಲ್ಲ. "ಎರಡನೆಯವರು ತಾನೆ ಬೇಕಾಗಿರೋದು? ನನ್ನ ಹೆಸರು ಬರ್ಕೊಳ್ಳಿ."

"ಸಂತೋಷ ಸರ್. ಒಂದೇ ಪ್ರಶ್ನೆ. ಸಾಲಿನ ಕೊನೇಲಿ ಒಂದು ಪದ ಹಿಡಿಸಲಿಲ್ಲ. ಏನು ಮಾಡ್ತೀರಿ?"

"ಆ ಪದಾನೇ ಬಿಟ್ಟುಬಿಡ್ತೀನಿ. ಸಂಘದ ನಡಾವಳಿ ನಾನು ಬರೆಯೋದೇ ಹಾಗೆ."

"ಬೇಡ ಸರ್," ಎಂದರು ಸಂಯೋಜಕಿ.

ಅಲ್ಲಿಗೆ ಸಭೆ ಮುಗಿಯಿತು. ಒಬ್ಬೊಬ್ಬರೇ ಎದ್ದು ಕುರ್ಚಿ ಮಡಚಿದರು. "ಇಷ್ಟಕ್ಕೆ ನಾನು ನಿದ್ದೆ ಬಿಟ್ಟೆನಾ?" ಎಂದು ನರ್ಸಮ್ಮ ಬೀಪಿ ಪಟ್ಟಿ ಸುತ್ತಿಕೊಂಡು ಹೋದರು. ಫ್ಲಾಸ್ಕು ಹೋಯಿತು. ಅಳಿಯನ ಕತೆ ಅರ್ಧಕ್ಕೇ ನಿಂತಿತು. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಕರಡಿಯವರು ಫೋನ್ ಹಿಡಿದು ಮೆಟ್ಟಿಲ ಮೇಲೆ ಕುಳಿತರು.

"ಬೀಗ ಹಾಕಿಬಿಡಿ ಮೇಡಂ," ಎಂದರು. "ನನಗೆ ಯಾರೂ ಸಿಗಲಿಲ್ಲ."

ಸಂಯೋಜಕಿ ಫೋನ್ ಇಡಲಿಲ್ಲ.

"ಸರ್, ಒಂದು ಮಾತು. ನನಗೆ ಪ್ರೋಗ್ರಾಮ್ ಓದೋಕೆ ಬರುತ್ತೆ. ನಿಮ್ಮದನ್ನ ಪೂರ್ತಿ ಓದಿದ್ದೀನಿ. ನಾನು ಎರಡನೆಯವಳಾಗಬಹುದು. ಆದ್ರೆ ನನ್ನದೂ ಒಂದು ಕೇಳಿಕೆ ಇದೆ. ನೀವು ನಮ್ಮ ಸಂಸ್ಥೆಗೆ ಎರಡನೆಯವರಾಗಬೇಕು."

"ನಿಮ್ಮ ಸಂಸ್ಥೆಗೆ? ಅಲ್ಲಿ ಅಷ್ಟು ಜನ ಇದ್ದೀರಲ್ಲ?"

"ಯಾರು ಹೇಳಿದ್ರು?"

"ನೀವೇ. 'ನಾವು ಪರಿಶೀಲಿಸುತ್ತೇವೆ, ನಾವು ನಿಮ್ಮೊಂದಿಗಿದ್ದೇವೆ' ಅಂತ ಬರೀತಿದ್ರಿ."

"ನೀವೂ 'ನಮ್ಮ ಬಳಗದ ಅಭಿಪ್ರಾಯ' ಅಂತ ಬರೀತಿದ್ರಿ. ಎಷ್ಟು ಜನ ಇದ್ರಿ?"

ಕರಡಿಯವರು ಕೆಮ್ಮಿದರು. ಸಂಯೋಜಕಿಯೂ ಕೆಮ್ಮಿದರು. ಸಂಸ್ಥೆಯಲ್ಲಿ ಇದ್ದವರು ಸಂಯೋಜಕಿ ಒಬ್ಬರೇ. ವಕೀಲರಿಗೆ ಪತ್ರ ಬರೆಯುವವರು ಅವರೇ, ಕಂಪ್ಯೂಟರಿನ ದೂಳು ಒರೆಸುವವರು ಅವರೇ. ಬಸ್ಸಿನ ಪ್ರಶ್ನೆಯನ್ನು ಅವರು ಮೊದಲು ಕೇಳಿಕೊಂಡದ್ದು ತಮ್ಮನ್ನೇ.

ಕರಡಿಯವರಿಗೆ ಎದೆಯೊಳಗೆ ಯಾರೋ ದೀಪ ಹಚ್ಚಿದಂತಾಯಿತು. "ಒಪ್ಪಿದೆ ಮೇಡಂ! ಎರಡಕ್ಕೂ ಒಪ್ಪಿದೆ! ನಿಮ್ಮ ಆಫೀಸು ಎಲ್ಲಿ?"

"ಹಳೇ ಅಂಚೆ ಕಚೇರಿ ಮೇಲೆ."

"ಅದು ಇಲ್ಲೇ ಅಲ್ವಾ! ನಾಲ್ಕೇ ಸ್ಟಾಪು! ನಾಳೆ ಬೆಳಿಗ್ಗೆ ಬಂದುಬಿಡ್ತೀನಿ. ಕೂತು ಮಾತಾಡೋಣ. ಚಹಾ ಕುಡೀತೀರಾ? ಸಕ್ಕರೆ ಎಷ್ಟು?"

"ಬರಬೇಡಿ ಸರ್."

"ಯಾಕೆ ಮೇಡಂ?"

"ನಿಯಮ ಇದೆ. ಒಂದೇ ಕೀಲಿ ಇರೋ ಇಬ್ಬರು ಒಂದೇ ಬಸ್ಸಲ್ಲಿ, ಒಂದೇ ಕಟ್ಟಡದಲ್ಲಿ, ಒಂದೇ ಕೋಣೆಯಲ್ಲಿ ಇರೋ ಹಾಗಿಲ್ಲ. ಇಬ್ಬರಿಗೂ ಒಟ್ಟಿಗೇ ಏನಾದ್ರೂ ಆದ್ರೆ?"

"ಇಂಥ ನಿಯಮ ಯಾರು ಮಾಡಿದ್ದು?"

"ನಾನೇ. ಒಬ್ಬಳೇ ಕೂತಿದ್ದೆ. ಬೇಡ ಅನ್ನೋಕೆ ಯಾರೂ ಇರಲಿಲ್ಲ."

"ನೀವೇ ಮಾಡಿದ್ದು ತಾನೆ? ಬದಲಾಯಿಸಿಬಿಡಿ."

"ಬದಲಾಯಿಸಬಹುದು. ಅದಕ್ಕೆ ಇಬ್ಬರೂ ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಸಹಿ ಹಾಕಬೇಕು."

"ಅದನ್ನೂ ನೀವೇ ಬರೆದ್ರಾ?"

"ಹೂಂ," ಎಂದರು ಸಂಯೋಜಕಿ. "ಮುಂದೊಂದು ದಿನ ಇಬ್ಬರಾಗ್ತೀವಿ ಅಂತ ಯಾರಿಗೆ ಗೊತ್ತಿತ್ತು ಸರ್?"