ಕಾಫಿ ಲೋಟ ಹಿಡಿಸಿ ನಡೆಸುವ ನನ್ನ ಅತ್ತೆಯೂ ತಮ್ಮ ಪರವಾನಗಿಯೂ

ಒಳಾಂಗಣ ವಿನ್ಯಾಸಕಾರರ ಪರವಾನಗಿ ಮಂಡಳಿಯ ಮಾನ್ಯ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ತಮ್ಮ ನೋಟಿಸು ಬರುವವರೆಗೆ ರಾಜಧಾನಿಯ ಯಾವ ಕಚೇರಿಯೂ ನೆನಪಿಸಿಕೊಳ್ಳದಿದ್ದ ಪೋರ್ಟ್ ಸೆಲೆಸ್ಟ್ ಎಂಬ ಹಿನ್ನೀರಿನ ಊರಿನಿಂದ, ಮದುವೆಯಾಗಿ ಇಂದಿಗೆ ನಲವತ್ತೊಂದು ದಿನವಾದ ಡೆಲ್ಫೀನ್ ಗಿಡ್ರಿ ಎಂಬ ನಾನು, ತಮಗೂ, ಮಂಡಳಿಯ ಉಳಿದ ಎಂಟು ಸದಸ್ಯರಿಗೂ, ತಾವೆಲ್ಲರೂ ಕುಳಿತುಕೊಳ್ಳುವ ಆ ಒಂಬತ್ತು ಅಧಿಕೃತ ಕುರ್ಚಿಗಳಿಗೂ ಹೃತ್ಪೂರ್ವಕ ವಂದನೆಗಳನ್ನು ಸಲ್ಲಿಸುತ್ತೇನೆ. ಇಷ್ಟು ಖುಷಿಯಲ್ಲಿರುವವಳು ದೂರು ಬರೆಯಬಾರದೆಂದು ನನ್ನ ಗಂಡ ಆಲ್ಸೀಡ್ ಹೇಳುತ್ತಾನೆ. ಅವನು ಏನು ಹೇಳಿದರೂ ನನಗೆ ಚೆನ್ನಾಗಿಯೇ ಕೇಳಿಸುತ್ತದೆ, ಅದು ಬೇರೆ ವಿಷಯ. ಆದ್ದರಿಂದ ತಾವು ಇದನ್ನು ಮದುವೆಯ ಉಡುಗೊರೆಗೆ ಬರೆದ ಕೃತಜ್ಞತೆಯ ಪತ್ರವೆಂದೇ ಓದಿಕೊಳ್ಳಬೇಕು. ನಮಗೆ ಬಂದ ಉಡುಗೊರೆಗಳಲ್ಲಿ ಸೀಗಡಿ ಬೇಯಿಸುವ ಹಂಡೆಗಳೇ ಮೂರಿದ್ದವು. ಆದರೂ ಬಿಚ್ಚಿ ನೋಡಿದಾಗ ಎಲ್ಲರ ಬಾಯಿ ತೆರೆಸಿದ್ದು ತಮ್ಮ ನೋಟಿಸು ಒಂದೇ.

ತಪ್ಪು ಆಲ್ಸೀಡನದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮದುವೆಯ ಕುಣಿತ ಊರಿನ ಸಾರ್ವಜನಿಕ ಸಭಾಂಗಣದಲ್ಲಿ ನಡೆಯಿತು. ತಮ್ಮನಿಗೆ ಮೊದಲು ಮದುವೆಯಾದರೆ ಅಣ್ಣ ಪೊರಕೆಯನ್ನು ತಬ್ಬಿಕೊಂಡು ಕುಣಿಯಬೇಕೆಂಬುದು ನಮ್ಮ ಕಡೆಯ ಕಟ್ಟಳೆಯಾದ್ದರಿಂದ, ಆರೂಕಾಲು ಅಡಿ ಎತ್ತರದ ನನ್ನ ಭಾವ ಎವಾರಿಸ್ತ್ ತನ್ನ ಪೊರಕೆಯೊಂದಿಗೆ, ಕಣ್ಣು ಮುಚ್ಚಿಕೊಂಡು, ಇನ್ನೂರು ನೆಂಟರ ನಡುವೆ ಗಿರಗಿರ ಸುತ್ತಿದರು. ಒಂದು ಮೇಜಿಗೆ ತಾಗಲಿಲ್ಲ, ಒಂದು ಲೋಟ ಉರುಳಲಿಲ್ಲ. ಮೇಜುಗಳನ್ನು ಎಲ್ಲಿಡಬೇಕೆಂದು ಹೇಳಿದವರು ನನ್ನ ಅತ್ತೆ ಓಡಿಲ್. ಮದುವೆಯ ಮರುವಾರ ಊರಿನ ಪತ್ರಿಕೆಯಲ್ಲಿ ಅಡುಗೆಯವರಿಂದ ಅಕಾರ್ಡಿಯನ್ ನುಡಿಸಿದವರವರೆಗೆ ಪ್ರತಿಯೊಬ್ಬರ ಹೆಸರು ಹಾಕಿ ಉಪಕಾರ ಸ್ಮರಿಸುವುದು ನಮ್ಮಲ್ಲಿ ರೂಢಿ. ಸಂತೋಷ ಹೆಚ್ಚಾಗಿದ್ದ ನನ್ನ ಗಂಡ ಆ ಪಟ್ಟಿಯ ಕೊನೆಯಲ್ಲಿ 'ಸಭಾಂಗಣದ ಒಳಾಂಗಣ ವಿನ್ಯಾಸ: ನನ್ನ ಅಮ್ಮ' ಎಂದು ಅಚ್ಚು ಹಾಕಿಸಿಬಿಟ್ಟ. ಏಳುನೂರು ಜನ ಓದುವ ಆ ಪತ್ರಿಕೆಯ ಏಳುನೂರ ಒಂದನೆಯ ಓದುಗರು ತಾವೆಂದು ನಮಗೆ ಹೇಗೆ ತಿಳಿಯಬೇಕು ಮಾನ್ಯರೇ? ತಿಳಿದಿದ್ದರೆ ಕೇಕಿನ ಒಂದು ತುಂಡನ್ನಾದರೂ ಕಳಿಸುತ್ತಿದ್ದೆವು.

ಅತ್ತೆಯವರು ಮನೆಯ ಫ್ರೆಂಚಿನಲ್ಲಿಯೇ ಬೆಳೆದವರು. ನಾನು ಹನ್ನೆರಡು ವರ್ಷ ಇಂಗ್ಲಿಷ್ ಶಾಲೆಯಲ್ಲಿ ಓದಿ ಪ್ರಬಂಧಗಳಿಗೆ ಬಹುಮಾನ ಪಡೆದವಳು. ಆದ್ದರಿಂದ ತಮ್ಮ ನಾಲ್ಕು ಪುಟಗಳ ನೋಟಿಸನ್ನು ಓದಿ ಹೇಳುವ ಭಾಗ್ಯ ಹೊಸ ಸೊಸೆಗೇ ಬಂತು. "ಏನಂತೆ ಮಗಾ, ಯಾರಾದ್ರೂ ಹೋಗ್ಬಿಟ್ರಾ?" ಎಂದರು. "ಇಲ್ಲ ಅತ್ತೆ, ನಾಲ್ಕು ಜನ ಬರೋ ಜಾಗದಲ್ಲಿ ಕುರ್ಚಿ ಎಲ್ಲಿಡ್ಬೇಕು ಅಂತ ನೀವು ಹೇಳಬಾರ್ದಂತೆ," ಎಂದೆ. "ಮತ್ತ್ಯಾರು ಹೇಳ್ಬೇಕಂತೆ?" "ಕಾಲೇಜು, ತರಬೇತಿ ಎಲ್ಲಾ ಸೇರಿ ಆರು ವರ್ಷ ಕಲಿತು, ಪರೀಕ್ಷೆ ಪಾಸಾದೋರು ಹೇಳ್ಬೇಕಂತೆ." ಅತ್ತೆಯವರು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. "ಆರು ವರ್ಷಾನಾ? ಅಲ್ಲೀವರ್ಗೂ ಜನ ನಿಂತ್ಕೊಂಡೇ ಇರ್ಬೇಕಾ?" ಎಂದು ಕೇಳಿದರು. ಈ ಪ್ರಶ್ನೆಗೆ ನೋಟಿಸಿನ ಹಿಂಬದಿಯಲ್ಲಿಯೂ ಹುಡುಕಿದೆ, ಉತ್ತರ ಸಿಗಲಿಲ್ಲ.

ಮೂವತ್ತೊಂದು ವರ್ಷಗಳಿಂದ ಅತ್ತೆಯವರು ಹಳೆಯ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊಲಿದು ಕೊಡುವ ಅಂಗಡಿ ನಡೆಸುತ್ತಿದ್ದಾರೆ. ತಮ್ಮ ಕಾನೂನನ್ನು ನಾನು ಸರಿಯಾಗಿ ಅರ್ಥಮಾಡಿಕೊಂಡಿದ್ದರೆ, ಅವರು ಕುರ್ಚಿಯನ್ನು ಹೊಲಿಯಬಹುದು, ಮಾರಬಹುದು, ತಲೆಯ ಮೇಲೆ ಹೊತ್ತುಕೊಂಡು ಹೋಟೆಲಿನ ಒಳಗೂ ಹೋಗಬಹುದು; ಆದರೆ ಅಲ್ಲಿ "ಇಲ್ಲಿಡಿ" ಎಂದರೆ ಮಾತ್ರ ಅಪರಾಧ. ಮೂರು ಅಕ್ಷರ ಮೀರದ ಒಂದು ಮಾತಿನಿಂದ ಇಡೀ ರಾಜ್ಯವನ್ನು ಕಾಪಾಡುತ್ತಿರುವ ತಮ್ಮ ಎಚ್ಚರವನ್ನು ಮೆಚ್ಚಿ ನಾನು ತಲೆಬಾಗುತ್ತೇನೆ.

ಅವರ ಕೆಲಸದ ರೀತಿಯನ್ನೂ ತಮ್ಮ ದಾಖಲೆಗೆ ಒದಗಿಸುವುದು ನನ್ನ ಕರ್ತವ್ಯ. ಅವರ ಬಳಿ ನಕ್ಷೆಯಿಲ್ಲ, ಅಳತೆ ಪಟ್ಟಿಯನ್ನೂ ಕೊನೆಗೆ ತೆಗೆಯುತ್ತಾರೆ. ಆ ಜಾಗದಲ್ಲಿ ದಿನವೂ ಓಡಾಡುವವರ ಕೈಗೆ ಅಂಚಿನವರೆಗೆ ತುಂಬಿದ ಕಾಫಿ ಲೋಟ ಕೊಟ್ಟು, ಕಣ್ಣು ಮುಚ್ಚಿಸಿ, ನಡೆಸುತ್ತಾರೆ. ಕಾಫಿ ಚೆಲ್ಲಿದ ಕಡೆಯೆಲ್ಲ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುತ್ತಾರೆ. ಗುರುತಿನ ಪಕ್ಕ ಯಾವ ಮೇಜು, ಯಾವ ಕಪಾಟು ಇದೆಯೋ ಅದು ಜಾಗ ಬದಲಿಸುತ್ತದೆ. ಮತ್ತೆ ಕಾಫಿ, ಮತ್ತೆ ನಡಿಗೆ. ಒಂದು ಹನಿಯೂ ಚೆಲ್ಲದ ದಿನ ಅತ್ತೆಯವರು ಆ ಲೋಟದ ಕಾಫಿ ಕುಡಿದು ಮನೆಗೆ ಬರುತ್ತಾರೆ. ಇಷ್ಟೇ.

ಈಗ ಕ್ಲೋಟೀಲ್ ಅವರ ವಿಷಯಕ್ಕೆ ಬರುತ್ತೇನೆ. ಇಲ್ಲಿಯವರೆಗೆ ಬರೆದದ್ದು ಮದುವೆಯ ಗುಂಗಿನಲ್ಲಿ, ಮುಂದಿನದು ಹಾಗಲ್ಲ. ಕ್ಲೋಟೀಲ್ ನಮ್ಮೂರಿನ ಊಟದ ಮನೆಯವರು. ಹೋದ ವರ್ಷದ ಚಂಡಮಾರುತ ಅವರ ಛಾವಣಿಯನ್ನು ಒಯ್ದಿತು. ಅದೇ ವರ್ಷ ಕಣ್ಣಿನ ಕಾಯಿಲೆ ಅವರ ದೃಷ್ಟಿಯನ್ನೂ ಬಹುಪಾಲು ಒಯ್ದಿತು. ಛಾವಣಿಯನ್ನು ಊರವರು ಸೇರಿ ಹಾಕಿಕೊಟ್ಟರು. ಕಾಣದ ಕಣ್ಣಿನಲ್ಲಿ ಬಿಸಿ ಗಂಬೋ ಸಾರಿನ ಬಟ್ಟಲು ಹಿಡಿದು ಒಲೆಯಿಂದ ಮೇಜಿಗೆ ಹೋಗುವುದು ಹೇಗೆಂಬ ಪ್ರಶ್ನೆಯನ್ನು ನನ್ನ ಅತ್ತೆ ಎತ್ತಿಕೊಂಡರು. ಮೊದಲ ದಿನ ಕಾಫಿ ಹನ್ನೊಂದು ಕಡೆ ಚೆಲ್ಲಿತು. ಒಂಬತ್ತನೆಯ ದಿನ ಕ್ಲೋಟೀಲ್ ಹನ್ನೆರಡು ಮೇಜುಗಳನ್ನೂ ಸುತ್ತಿ ಬಂದು, ತುಂಬಿದ ಲೋಟವನ್ನು ಅತ್ತೆಯವರ ಕೈಗಿಟ್ಟು, "ತಗೋ ಓಡಿಲ್, ಆರೋಗಿದೆ, ಕುಡಿ," ಎಂದರು. ಇಬ್ಬರೂ ಅತ್ತರು. ನಾನು ಅತ್ತದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾನು ಈಗೀಗ ಪರದೆಯ ಬಟ್ಟೆ ಕಂಡರೂ ಅಳುತ್ತೇನೆ.

ಮೂರು ದಿನಕ್ಕೆ ತಮ್ಮ ಎರಡನೆಯ ಪತ್ರ ಬಂತು: ಪರವಾನಗಿ ಪಡೆದವರ ಸಹಿ ಇರುವ ನಕ್ಷೆಯ ಪ್ರಕಾರ ಎಲ್ಲವನ್ನೂ ಇಡುವವರೆಗೆ ಊಟದ ಮನೆ ತೆರೆಯಕೂಡದು. ಬೆನ್ನಿಗೇ ಬಿಳಿ ಪ್ಯಾಂಟಿನ ಪರವಾನಗಿದಾರರೊಬ್ಬರು ರಾಜಧಾನಿಯಿಂದ ಬಂದರು. ಬಹಳ ಸಭ್ಯರು. ಅರ್ಧ ಗಂಟೆ ನಿಂತರು, ಒಂದು ಸಲವೂ ನಡೆಯಲಿಲ್ಲ. ಬೆಳಕು ಚೆನ್ನಾಗಿ ಬರಲೆಂದು ಬಡಿಸುವ ಕಟ್ಟೆಯನ್ನು ಕಿಟಕಿಯ ಬಳಿಗೆ ಸರಿಸಿದರು. ಬೆಳಕು ಕಾಣದ ಕ್ಲೋಟೀಲ್ ಅದಕ್ಕೂ ವಂದನೆ ಹೇಳಿದರು. 'ಜಾಗಕ್ಕೆ ಒಂದು ಕೇಂದ್ರ ಬೇಕು' ಎಂದು ನಟ್ಟನಡುವೆ ಆಳೆತ್ತರದ ತಾಳೆ ಗಿಡದ ಕುಂಡ ಇಡಿಸಿದರು. ಕ್ಲೋಟೀಲ್ ಮೊದಲ ಸಲ ಅದಕ್ಕೆ ಡಿಕ್ಕಿ ಹೊಡೆದು, ಗಿರಾಕಿಯೆಂದು ತಿಳಿದು, "ತಪ್ಪಾಯ್ತು ಸ್ವಾಮಿ," ಎಂದರು. ಎರಡನೆಯ ಸಲ, "ಈ ಯಪ್ಪ ಊಟ ಹೇಳ್ತಾನಾ, ಇಲ್ಲಾ ಸುಮ್ನೆ ನಿಂತೇ ಇರ್ತಾನಾ?" ಎಂದರು. ಮೂರನೆಯ ಸಲ ಕೈಯಲ್ಲಿ ಕುದಿಯುವ ಸಾರಿತ್ತು. ಅವರ ಎಡಗೈಯ ಮಣಿಕಟ್ಟಿನಿಂದ ಮೊಣಕೈವರೆಗೆ ಈಗ ಇರುವ ಸುಟ್ಟ ಗಾಯ ಎಲ್ಲ ರೀತಿಯಿಂದಲೂ ಕಾನೂನುಬದ್ಧವಾದದ್ದು ಎಂದು ತಿಳಿಸಲು ಹರ್ಷಿಸುತ್ತೇನೆ. ಅದಕ್ಕೆ ನಕ್ಷೆಯಿದೆ, ಮೊಹರಿದೆ, ಸಹಿಯಿದೆ.

ಕಳೆದ ಮಂಗಳವಾರ ನಾವು ತಮ್ಮ ಕಚೇರಿಗೆ ವಿಚಾರಣೆಗೆ ಬಂದಾಗ, ಇನ್ನು ಮುಂದೆ ಯಾವ ಸಾರ್ವಜನಿಕ ಜಾಗದಲ್ಲೂ ಯಾರಿಗೂ ಸಲಹೆ ಕೊಡುವುದಿಲ್ಲವೆಂಬ ಮುಚ್ಚಳಿಕೆಗೆ ಅತ್ತೆಯವರು ಈ ತಿಂಗಳ ಕೊನೆಯೊಳಗೆ ಸಹಿ ಹಾಕಬೇಕು, ಇಲ್ಲವಾದರೆ ಅಂಗಡಿಗೆ ಬೀಗ, ಎಂದು ತಾವು ಮೃದುವಾಗಿ ತಿಳಿಸಿದಿರಿ. ಇದೆಲ್ಲ ಜನರ ಸುರಕ್ಷತೆಗಾಗಿ ಎಂದೂ ಹೇಳಿದಿರಿ. ನಾನು ಮೈಮರೆತು ಕೇಳಿದೆ. ಹೊರಗೆ ಬಂದು ತಮ್ಮ ಗುಮಾಸ್ತರನ್ನು, "ಪರವಾನಗಿ ಇಲ್ಲದೋರಿಂದ ತೊಂದ್ರೆ ಆಯ್ತು ಅಂತ ಜನ ಬರ್ದಿರೋ ದೂರು ಎಷ್ಟಿವೆ ಸರ್?" ಎಂದು ಕೇಳಿದೆ. ಅವರು ಪ್ರಾಮಾಣಿಕರು; ದಪ್ಪ ಕಡತ ತೆರೆದು ತೋರಿಸಿದರು. ದೂರು ಬರೆದವರೆಲ್ಲರೂ ಪರವಾನಗಿ ಪಡೆದವರೇ. "ಜನ ಯಾಕಮ್ಮಾ ಬರೀತಾರೆ, ಅವ್ರಿಗೆ ಬೇರೆ ಕೆಲ್ಸ ಇಲ್ವಾ?" ಎಂದರು. ಈ ಕಾನೂನು ಬಂದ ವರ್ಷ ಆಗಲೇ ಕೆಲಸದಲ್ಲಿದ್ದವರಿಗೆ ಪರೀಕ್ಷೆಯಿಲ್ಲದೆಯೇ ಪರವಾನಗಿ ಸಿಕ್ಕಿತೆಂದೂ, ಮಾನ್ಯ ಅಧ್ಯಕ್ಷರಾದ ತಾವೂ ಅಂಥ ಅದೃಷ್ಟವಂತರಲ್ಲಿ ಒಬ್ಬರೆಂದೂ ಅವರೇ ಹೇಳಿದರು. ಒಳಗೆ ಬಂದ ಮೇಲೆ ಬಾಗಿಲು ಹಾಕಿಕೊಳ್ಳುವ ಅಭ್ಯಾಸ ಒಳಾಂಗಣ ತಜ್ಞರಿಗೆ ಸಹಜವೇ ಇರಬೇಕು.

ಆದ್ದರಿಂದ ನನ್ನ ಕೆಲವು ವಿನಮ್ರ ಕೋರಿಕೆಗಳಿವೆ. ಕಾಲೇಜಿನ ಪಠ್ಯಕ್ಕೆ ಕಾಫಿಯನ್ನು ಸೇರಿಸಬೇಕು. ಹೊಸ ಹೆಂಡತಿ ತನ್ನ ಗಂಡನಿಗೆ "ದಿಂಬು ಆ ಕಡೆ ಇಡು" ಎನ್ನಲು ಎಷ್ಟು ವರ್ಷದ ತರಬೇತಿ ಬೇಕೆಂದು ಬೇಗ ತಿಳಿಸಬೇಕು. ಮನೆಗಳಿಗೆ ಇನ್ನೂ ವಿನಾಯಿತಿಯಿದೆ ಎಂದು ಆಲ್ಸೀಡ್ ಹೇಳುತ್ತಾನಾದರೂ, ತಮ್ಮ ಕರುಣೆ ಹಬ್ಬುವ ವೇಗವನ್ನು ಅವನು ಅರಿಯ. ಪೊರಕೆ ಕುಣಿತವನ್ನು ಸಾರ್ವಜನಿಕ ಜಾಗದ ಮರುಜೋಡಣೆಯೆಂದು ಪರಿಗಣಿಸಿ ನನ್ನ ಭಾವನವರಿಗೂ ಒಂದು ನೋಟಿಸು ಕಳಿಸಬೇಕು. ಹಾಗಾದರೂ ಅವರ ಹೆಸರು ರಾಜಧಾನಿಯ ಕನ್ಯೆಯರ ಕಣ್ಣಿಗೆ ಬಿದ್ದೀತು.

ಅತ್ತೆಯವರು ಇನ್ನೂ ಸಹಿ ಹಾಕಿಲ್ಲ, ಆದರೆ ಮಂಗಳವಾರದಿಂದ ಯಾರಿಗೂ ಸಲಹೆ ಕೊಟ್ಟಿಲ್ಲ. ಅವರಿಗೆ ಕೆಮ್ಮು ಶುರುವಾಗಿದೆ. ಬುಧವಾರ ಅತ್ತೆಯವರು ಕ್ಲೋಟೀಲ್ ಅವರ ಊಟದ ಮನೆಯ ಬಾಗಿಲಲ್ಲಿ ಕುಳಿತು ಬಟನ್ ಹೊಲಿಯುತ್ತಿದ್ದಾಗ, ಒಳಗೆ ಆಲ್ಸೀಡ್ ಮತ್ತು ಎವಾರಿಸ್ತ್ ಮೇಜುಗಳನ್ನು ಎತ್ತಿಕೊಂಡು ಸುಮ್ಮನೆ ಓಡಾಡುತ್ತಿದ್ದರು. ತಪ್ಪಿದ ಕಡೆ ಕೆಮ್ಮು ಬರುತ್ತಿತ್ತು, ಸರಿಯಾದ ಕಡೆ ನಿಲ್ಲುತ್ತಿತ್ತು. ತಾಳೆ ಗಿಡ ಕೈಗೆ ಬಂದಾಗ ಬಂದ ಕೆಮ್ಮು ಅದು ಜಗಲಿ ದಾಟಿ ರಸ್ತೆಯ ಆಚೆ ಹೋಗುವವರೆಗೆ ನಿಲ್ಲಲಿಲ್ಲ. ಈಗ ಕಾಫಿ ಚೆಲ್ಲುವುದಿಲ್ಲ. ಕೈ ಸುಟ್ಟ ದಿನ ಮುಚ್ಚಿದ ಊಟದ ಮನೆಯನ್ನು ಕ್ಲೋಟೀಲ್ ಬರುವ ಶುಕ್ರವಾರ ಮಧ್ಯಾಹ್ನ ತೆರೆಯುತ್ತಾರೆ, ತಮ್ಮ ಅಪ್ಪಣೆಯಿದ್ದರೂ, ಇಲ್ಲದಿದ್ದರೂ. ತಾವು ಬೀಗ ಹಿಡಿದುಕೊಂಡು ಬರುವುದಾದರೆ ದಯವಿಟ್ಟು ಊಟದ ಹೊತ್ತಿಗೇ ಬನ್ನಿ. ತುಂಬಿದ ಬಟ್ಟಲು ಕೈಗಿಟ್ಟು, ಕಣ್ಣಿಗೆ ಬಟ್ಟೆ ಕಟ್ಟಿ, ಒಲೆಯಿಂದ ಹನ್ನೆರಡನೆಯ ಮೇಜಿನವರೆಗೆ ತಮ್ಮನ್ನು ನಡೆಸುತ್ತೇವೆ. ಒಂದು ಹನಿ ತಮ್ಮ ಷರಟಿನ ಮೇಲೆ ಬಿದ್ದರೂ ಅತ್ತೆಯವರು ಅಲ್ಲೇ ಮುಚ್ಚಳಿಕೆಗೆ ಸಹಿ ಹಾಕುತ್ತಾರೆ. ಬೀಳದಿದ್ದರೆ, ಕುಳಿತು ಊಟ ಮಾಡಿ ಹೋಗಿ.

ತಮ್ಮ ಪರವಾನಗಿಯಿಲ್ಲದ ವಿಶ್ವಾಸಿ,
ಡೆಲ್ಫೀನ್ ಗಿಡ್ರಿ (ಸಹಿಯಲ್ಲಿ ಈ ಹೊಸ ಮನೆತನದ ಹೆಸರು ಬರೆಯುವುದೇ ಒಂದು ಸುಖ)

ಮರೆತ ಮಾತು: ಅತ್ತೆಯವರ ಕೆಮ್ಮು ಹುಟ್ಟಿದ್ದು ತಮ್ಮ ಕಚೇರಿಯಲ್ಲೇ. ಮಂಗಳವಾರ ನಾವು ಕಾಯುತ್ತಿದ್ದಾಗ, ತಮ್ಮ ಕೋಣೆಯ ಬಾಗಿಲಿಗೆ ಅಡ್ಡವಾಗಿದ್ದ ಕಬ್ಬಿಣದ ಕುರ್ಚಿಗೆ ತಾವು ಎರಡು ಸಲ ಮೊಣಕಾಲು ಬಡಿದುಕೊಂಡು ಹೋದದ್ದನ್ನು ಕಂಡು ಅವರಿಗೆ ಗಂಟಲು ಕೆರೆಯಿತು. ಗುಮಾಸ್ತರು ಕುರ್ಚಿಯನ್ನು ಸರಿಸುತ್ತಾ ಹೋದರು, ಕಿಟಕಿಯ ಪಕ್ಕಕ್ಕೆ ಬಂದಾಗ ಕೆಮ್ಮು ನಿಂತಿತು. ಮೂರನೆಯ ಸಲ ಹೊರಬಂದ ತಾವು ಸರಾಗವಾಗಿ ದಾಟಿಹೋಗಿ, "ಏನ್ರೀ, ಇವತ್ತು ಇಲ್ಲಿ ಓಡಾಡೋಕೆ ಎಷ್ಟು ಸಲೀಸಾಗಿದೆ!" ಎಂದು ಗುಮಾಸ್ತರನ್ನು ಹೊಗಳಿದಿರಿ. ತಮ್ಮ ಕಚೇರಿಯೂ ಸಾರ್ವಜನಿಕ ಜಾಗವೇ ಆದ್ದರಿಂದ ಅಲ್ಲೊಂದು ಅಪರಾಧ ನಡೆದುಹೋಗಿದೆ, ಮತ್ತು ಅದರ ಫಲವನ್ನು ತಾವು ದಿನವೂ ಅನುಭವಿಸುತ್ತಿದ್ದೀರಿ. ಕುರ್ಚಿಯನ್ನು ಹಿಂದಿದ್ದಲ್ಲಿಗೇ ಇಡಿಸಿ ಕಾನೂನನ್ನು ಕಾಪಾಡುತ್ತೀರೋ, ಇದ್ದಲ್ಲೇ ಬಿಟ್ಟು ಮೊಣಕಾಲನ್ನು ಕಾಪಾಡಿಕೊಳ್ಳುತ್ತೀರೋ, ಶುಕ್ರವಾರದೊಳಗೆ ತಿಳಿಸಬೇಕಾಗಿ ಪ್ರಾರ್ಥನೆ.