ಅಲುಗಾಡದ ಮೇಜು

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಮೇಜಿನ ಮೇಲೆ ಅಕ್ಕಿಚೀಲ ಇಟ್ಟು ನೋಡೋಣ ಎಂಬ ಮಾತು ಮೊದಲು ನನ್ನ ಬಾಯಿಂದ ಬಂತೋ ಅತ್ತೆಯ ಬಾಯಿಂದ ಬಂತೋ ಎಂಬುದೇ ಗಟ್ಟಿಯಾಗಿ ನೆನಪಿಲ್ಲ. ನನ್ನ ನೆನಪು ಅತ್ತೆಯ ಕಡೆ ಬೆರಳು ತೋರಿಸುತ್ತದೆ. ಆದರೆ ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು, ಸೋತವರು ಹೇಳುವ ಕಥೆಯನ್ನೂ ಸೋಸಿಯೇ ಕುಡಿಯಬೇಕೆಂದು ಬಲ್ಲೆ. ಇಲ್ಲಿ ಸೋತವಳು ನಾನೇ.

ಗಂಗಾವತಿಯ ನಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿ ಕೂತು, ನೌಕರಿ ಪರೀಕ್ಷೆಗೆ ಓದುವವರಿಗೆ ಆನ್‌ಲೈನ್‌ನಲ್ಲಿ ಇತಿಹಾಸ ಹೇಳಿಕೊಡುತ್ತೇನೆ. ಕೂತು ಕೂತು ಸೊಂಟ ಕೈಕೊಟ್ಟಿತು. "ಕುಂದ್ರೂದು ಕಡಿಮಿ ಮಾಡ್ರಿ, ಇಲ್ಲಾಂದ್ರ ಪಾಠಾನ ಬಿಡಬೇಕಾಗತೈತಿ," ಎಂದರು ಡಾಕ್ಟರು. ಪಾಠ ಬಿಟ್ಟರೆ ನನಗೆ ಉಳಿಯುವುದು ಅಡುಗೆಮನೆ. ಅಲ್ಲಿ ಹೇಗೂ ನಿಂತೇ ಇರುತ್ತೇನೆ. ಸೊಂಟ ಉಳಿದೀತು, ನಾನು ಉಳಿಯುತ್ತೇನೆಯೋ ಹೇಳಲಾರೆ. ಹಾಗಾಗಿ ನಿಂತು ಕೆಲಸ ಮಾಡುವ ಮೇಜೊಂದನ್ನು ಆನ್‌ಲೈನ್‌ನಲ್ಲೇ ತರಿಸಿದೆ. ಚಿತ್ರದಲ್ಲಿ ಆನೆಯಂತಿದ್ದದ್ದು ಮನೆಗೆ ಬರುವಷ್ಟರಲ್ಲಿ ಆಗಷ್ಟೇ ಹುಟ್ಟಿದ ಕರುವಾಗಿತ್ತು. ಒಂದಕ್ಷರ ಒತ್ತಿದರೆ ಲ್ಯಾಪ್‌ಟಾಪು ತಲೆಯಾಡಿಸುತ್ತಿತ್ತು. ಮೌರ್ಯರ ಆಡಳಿತ ವ್ಯವಸ್ಥೆ ಎಷ್ಟು ಭದ್ರವಾಗಿತ್ತೆಂದು ಹೇಳುತ್ತಿದ್ದಾಗ ಕುಷ್ಟಗಿಯ ವಿದ್ಯಾರ್ಥಿನಿಯೊಬ್ಬಳು, "ಮೇಡಂ, ನಿಮ್ಮ ಕಡೆ ಭೂಮಿ ನಡುಗಾಕತ್ತೈತೇನ್ರಿ?" ಎಂದು ಗಾಬರಿಯಿಂದ ಕೇಳಿದಳು. ಮೇಜನ್ನು ವಾಪಸು ಕಳಿಸಿದೆ.

ಅತ್ತೆಗೆ ಮೊದಲಿನಿಂದಲೂ ಈ ನಿಲ್ಲುವ ವಿಚಾರವೇ ಹಿಡಿಸಿರಲಿಲ್ಲ. ನಮ್ಮ ಮನೆಗಳಲ್ಲಿ ಸಾಲ ಕೇಳಲು ಬಂದವರನ್ನೂ ನಿಲ್ಲಿಸಿ ಮಾತಾಡಿಸುವುದಿಲ್ಲ. ಇನ್ನು ಸೊಸೆ ನಿಂತಿದ್ದರೆ ಓಣಿಯವರು ಏನಂದಾರು? "ಸಾಲ್ಯಾಗ ಮಾಸ್ತರು ನಿಂತು ಹೇಳತಾರ, ಖರೆ. ಅಲ್ಲಿ ಎದುರಿಗೆ ಹುಡುಗ್ರಿರತಾರ. ನೀ ಗ್ವಾಡಿ ಮುಂದ ನಿಂತು ಒದರಾಕತ್ತೀಯಲ್ಲ ಬೇ, ಯಾರರೆ ನೋಡಿದ್ರ ನಾನ ಶಿಕ್ಷಾ ಕೊಟ್ಟೀನಿ ಅಂದಾರು!"

ಕೊನೆಗೆ ವೆಲ್ಡಿಂಗ್ ಅಂಗಡಿಯ ಮೆಹಬೂಬಸಾಬರಲ್ಲಿಗೆ ಹೋದೆ. ಎದೆಮಟ್ಟಕ್ಕಿಂತ ತುಸು ಕೆಳಗೆ, ದಪ್ಪ ಕಬ್ಬಿಣದ ಕಾಲು, ಏನೇ ಆದರೂ ಅಲುಗಾಡಬಾರದು ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಿರ್ಚಿ-ಭಜಿ ಅಂಗಡಿ ಇಡಾವ್ರೇನ್ರಿ ಅಕ್ಕಾರ? ಹಂಗಿದ್ರ ಒಲಿಗೆ ಜಾಗಾ ಬಿಟ್ಟು ಮಾಡತೀನಿ," ಎಂದರು. ಲ್ಯಾಪ್‌ಟಾಪು ಮತ್ತು ಒಂದು ಕಪ್ ಚಹಾ ಇಡುವುದಕ್ಕೆ ಎಂದಾಗ ಅವರ ಮುಖದಲ್ಲಿ ಮೂಡಿದ ಮರುಕವನ್ನು ಮಾತ್ರ ನಾನು ತಪ್ಪಾಗಿ ನೆನಪಿಟ್ಟುಕೊಂಡಿಲ್ಲ.

ಮೇಜು ಬಂತು. ಅದೇ ದಿನ ಮರಳಿ ಗ್ರಾಮದ ನಮ್ಮ ಹೊಲದ ಹೊಸ ಅಕ್ಕಿಯೂ ಮಿಲ್ಲಿನಿಂದ ಬಂತು. ನಮ್ಮೂರಿನಲ್ಲಿ ಯಾವುದರ ಗಟ್ಟಿತನಕ್ಕೂ ಅಳತೆ ಒಂದೇ: ಎಷ್ಟು ಚೀಲ ತಡೆಯುತ್ತದೆ? ಸೈಕಲ್ಲಿರಲಿ, ಅಟ್ಟವಿರಲಿ, ಅಳಿಯನಿರಲಿ. ಇಟ್ಟು ನೋಡೋಣ ಎಂಬ ಆ ಮಾತು ಬಂದದ್ದೇ ತಡ, ಹಮಾಲರು ಮೇಜಿನ ಮೇಲೆ ಒಂದು ಚೀಲ ಇಟ್ಟರು. ಮೇಜು ಮಿಸುಕಲಿಲ್ಲ. ಇನ್ನೊಂದು ಇಟ್ಟರು. ನಾನು ಹುರುಪಿನಿಂದ, "ಮತ್ತೊಂದು ಇಡ್ರಿ!" ಎಂದೆ. ಇದು ನನ್ನದೇ ಮಾತು, ಅನುಮಾನವಿಲ್ಲ. ಬಂದ ಚೀಲಗಳೆಲ್ಲ ಮೇಜಿನ ಮೇಲೇರಿದವು. ಹಮಾಲರು ಚಹಾ ಕುಡಿದು ಹೋದರು. ಆಮೇಲೆ ಹೊಳೆಯಿತು, ಇಳಿಸುವವರು ಯಾರು? ಆ ಚೀಲ ಎತ್ತುವ ಸೊಂಟವಿದ್ದಿದ್ದರೆ ನನಗೆ ಈ ಮೇಜೇ ಬೇಕಿರಲಿಲ್ಲ.

ಸಂಜೆ ಯಲಬುರ್ಗಾದ ಕಚೇರಿಯಿಂದ ಬಂದ ನನ್ನ ಗಂಡ ಚೀಲಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಭಾಳ ಛಲೋ ಆತು ನೋಡು, ಈ ವರ್ಷ ಇಲಿ ಕಾಟ ಇಲ್ಲ," ಎಂದರು. ನಾನು ಇಳಿಸಿಕೊಡಿ ಎನ್ನುವ ಮೊದಲೇ ಅತ್ತೆ ತೀರ್ಪು ಕೊಟ್ಟರು: "ನೆಲಕ್ಕಿಟ್ರ ತಂಪು ಹಿಡಿತೈತಿ. ಅಕ್ಕಿ ಹಳೇದಾಗೂತನಕ ಅಲ್ಲೇ ಇರ್ಲಿ."

ಹಳೆಯದಾಗುವುದೆಂದರೆ ಒಂದು ವರ್ಷ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆಂದು ನಮ್ಮ ಮನೆಯಲ್ಲಿ ಅದನ್ನು ಒಲೆಗೆ ಏರಿಸುವುದಿಲ್ಲ. ಆ ಕರುವಿನ ಕಾಲಿನ ಮೇಜನ್ನೇ ಇಟ್ಟುಕೊಂಡಿದ್ದರೆ ಅದರ ಮೇಲೆ ಯಾರೂ ಒಂದು ನಿಂಬೆಹಣ್ಣನ್ನೂ ಇಡುತ್ತಿರಲಿಲ್ಲ. ಗಟ್ಟಿಯಾದದ್ದೇ ಬೇಕೆಂದು ಹಟ ಹಿಡಿದವಳು ನಾನು. ಈಗ ಅಕ್ಕಿ ನಿಂತಿದೆ, ನಾನು ಅದೇ ಹಳೆಯ ಕುರ್ಚಿಯಲ್ಲಿ ಕೂತಿದ್ದೇನೆ. ಪಾಠದ ನಡುವೆ ನೋವು ಬಂದರೆ ಕ್ಯಾಮೆರಾ ಆರಿಸಿ, ನೆಟ್‌ವರ್ಕ್ ಇಲ್ಲ ಎನ್ನುತ್ತೇನೆ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಸೇರುತ್ತಿದ್ದಾರೆ.

ನಿನ್ನೆ ಪಾಠವನ್ನು ಅರ್ಧಕ್ಕೇ ನಿಲ್ಲಿಸಿ, ಗೋಡೆ ಹಿಡಿದು ಎದ್ದು, ಅತ್ತೆಯನ್ನು ಕೇಳಿಯೇಬಿಟ್ಟೆ: "ಅತ್ತೀ, ಅಕ್ಕಿ ಹಳೇದಾದಷ್ಟೂ ಛಲೋ ಅಂತೀರಿ. ಅಲ್ಲೀತನಕ ನನ್ನ ಟೊಂಕ ಏನಾಗಬೇಕ್ರಿ?"

ಅತ್ತೆ ಚೀಲದ ಹೊಲಿಗೆಯನ್ನು ಬೆರಳಿಂದ ಒತ್ತಿ ನೋಡುತ್ತಿದ್ದರು. ಇನ್ನೂ ಒತ್ತಿ ನೋಡುತ್ತಲೇ ಇದ್ದಾರೆ.