ಆರನೆಯ ಮೊದಲ ಚಿತ್ರ

ಮೂಲನಿವಾಸಿಗಳಲ್ಲಿ ಇದುವರೆಗೆ ಯಾರೂ ಚಲನಚಿತ್ರ ನಿರ್ಮಿಸಿಲ್ಲವೆಂಬ ಸಂಗತಿಯನ್ನು ಮೂಲನಿವಾಸಿ ಚಲನಚಿತ್ರ ಉತ್ತೇಜನ ಮಂಡಳಿಯು ಕಳೆದ ಇಪ್ಪತ್ತಾರು ವರ್ಷಗಳಲ್ಲಿ ಐದು ಬಾರಿ ಅಧಿಕೃತವಾಗಿ ಪ್ರಕಟಿಸಿದೆ. ಐದೂ ಪ್ರಕಟಣೆಗಳು ಹೊರಬಿದ್ದದ್ದು ಒಬ್ಬಳೇ ನಿರ್ದೇಶಕಿಯ ಐದು ಚಿತ್ರಗಳ ಬಿಡುಗಡೆ ಸಮಾರಂಭದಲ್ಲಿ.

ಇದರಲ್ಲಿ ಗೊಂದಲವೇನಿಲ್ಲ. ಮಂಡಳಿಯಲ್ಲಿ ಇರುವುದು 'ಮೊದಲ ಚಿತ್ರ' ಎಂಬ ಒಂದೇ ವಿಭಾಗ. ನಿಯಮ ಏಳರ ಪ್ರಕಾರ ಮೊದಲನೆಯದು ಒಂದೇ ಇರತಕ್ಕದ್ದು. ಎರಡು ಕಂಡುಬಂದಲ್ಲಿ ಹಿಂದಿನದನ್ನು ಇಲ್ಲವೆಂದು ಭಾವಿಸಿ ಕಪಾಟಿನಲ್ಲಿ ಇಡತಕ್ಕದ್ದು. ಪ್ರತಿ ಮೊದಲ ಚಿತ್ರದ ನಂತರವೂ ಮಂಡಳಿಯ ಒಂಬತ್ತು ಸದಸ್ಯರು, ಬೇರೆ ದೇಶಗಳಲ್ಲಿ ಮೊದಲ ಚಿತ್ರಗಳನ್ನು ಹೇಗೆ ತೆಗೆಯುತ್ತಾರೆಂದು ತಿಳಿಯಲು, ಕುಟುಂಬ ಸಮೇತ ಅಧ್ಯಯನ ಪ್ರವಾಸ ಹೋಗಿಬರುತ್ತಾರೆ. ಎರಡನೆಯ ಚಿತ್ರಕ್ಕೆ ಪ್ರವಾಸವಿಲ್ಲ. ಹಾಗಾಗಿ ಎರಡನೆಯ ಚಿತ್ರವೂ ಇಲ್ಲ.

ನಿರ್ದೇಶಕಿಗೆ ಈಗ ಐವತ್ತೊಂದು. ಮಂಡಿನೋವು. ಊಟದ ಮೇಜಿನ ಮೇಲೆಯೇ ಚಿತ್ರಕಥೆ ಬರೆದು ಬರೆದು ಬೆನ್ನು ಬಾಗಿದೆ. ಕತ್ತಿಗೆ ನೇತುಹಾಕಿಕೊಳ್ಳಲು ಮಂಡಳಿ ಕೊಟ್ಟ ಗುರುತಿನ ಚೀಟಿಯಲ್ಲಿ 'ಉದಯೋನ್ಮುಖ ಪ್ರತಿಭೆ' ಎಂದಿದೆ. ಉದಯವಾಗುತ್ತಲೇ ಇದ್ದಾಳೆ, ಪಾಪ.

ಅವಳು ಇಪ್ಪತ್ತೈದನೇ ವಯಸ್ಸಿನಲ್ಲಿ ತೆಗೆದ ಚಿತ್ರದಲ್ಲಿ ಅವಳ ಅಪ್ಪ ನದಿ ದಡದಲ್ಲಿ ಕೂತು, ಬಲೆ ಹೆಣೆಯುತ್ತಾ, ತಮ್ಮ ಜನ ಆ ನದಿಗೆ ಬಂದ ಕಥೆ ಹೇಳುತ್ತಾನೆ. ಕಥೆ ಬಿಗಿಯಾಗುವ ಹೊತ್ತಿಗೆ ಸರಿಯಾಗಿ ಸೀನುತ್ತಾನೆ, ತಾನೇ ನಗುತ್ತಾನೆ. ಅಪ್ಪ ತೀರಿಕೊಂಡು ಹದಿನೆಂಟು ವರ್ಷವಾಯಿತು. ಅವನ ದನಿ ಉಳಿದಿರುವುದು ಆ ಕಪಾಟಿನಲ್ಲಿ ಮಾತ್ರ.

ಅಮ್ಮನ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. "ಕಣ್ಣು ಪೂರ್ತಿ ಹೋಗೋದ್ರೊಳಗೆ ನಿಮ್ಮಪ್ಪನ್ನ ಒಂದ್ಸಲ ದೊಡ್ಡ ಪರದೆ ಮೇಲೆ ತೋರಿಸೇ," ಎಂದಳು. "ಆ ಸೀನೋದು ಒಂದು ಕೇಳಿದ್ರೆ ಸಾಕು."

ನಿರ್ದೇಶಕಿ ಮಂಡಳಿಗೆ ಹೋದಳು. ಅಧೀಕ್ಷಕರು ಸಜ್ಜನರು, ಎದ್ದು ನಿಂತು ಕುರ್ಚಿ ತೋರಿಸಿದರು.

"ಆ ಕಪಾಟಲ್ಲಿರೋ ನನ್ನ ಮೊದಲ ಚಿತ್ರ ಬೇಕಿತ್ತು ಸಾರ್."

"ಆ ಕಪಾಟಲ್ಲಿ ಏನೂ ಇಲ್ಲಮ್ಮ. ಅದಕ್ಕೇ ಬೀಗ ಹಾಕಿರೋದು."

"ನಾನೇ ತಂದುಕೊಟ್ಟಿದ್ದು ಸಾರ್. ನೀವೇ ಸಹಿ ಹಾಕಿ ತಗೊಂಡ್ರಿ."

ಅಧೀಕ್ಷಕರು ಪ್ರವಾಸದ ಕಡತ ತೆರೆದು ನೋಡಿದರು. ಮುಂದಿನ ಪ್ರವಾಸಕ್ಕೆ ಇನ್ನೂ ಚಿತ್ರ ಸಿಕ್ಕಿರಲಿಲ್ಲ. "ಒಂದು ದಾರಿ ಇದೆ. ಅದನ್ನೇ ಈ ವರ್ಷದ ಮೊದಲ ಚಿತ್ರ ಮಾಡೋಣ. ಆದ್ರೆ ಇದಕ್ಕೆ ಮುಂಚೆ ಯಾವ ಚಿತ್ರನೂ ಮಾಡಿಲ್ಲ ಅಂತ ನೀವು ಸ್ವಂತ ಕೈಯಲ್ಲಿ ಬರ್ಕೊಡ್ಬೇಕು."

"ಐದು ಮಾಡಿದೀನಲ್ಲ ಸಾರ್!"

"ಇಲ್ಲದ್ದನ್ನ ಎಣಿಸಬಾರದಮ್ಮ."

ಇಷ್ಟು ವರ್ಷ ಆ ಮಾತನ್ನು ಮಂಡಳಿ ಹೇಳುತ್ತಿತ್ತು. ಈಗ ಅವಳೇ ಹೇಳಬೇಕು. ಒಂದೊಂದು ಚಿತ್ರಕ್ಕೂ ನಾಲ್ಕೈದು ವರ್ಷ ಜೀವ ತೇದಿದ್ದಳು. ಅಮ್ಮನ ಕಣ್ಣು ನೆನಪಾಯಿತು. ಬರೆದಳು. ಸಹಿ ಹಾಕುವಾಗ ಅವಳ ಕೈ ನಡುಗಿದ್ದನ್ನು ನೋಡಿ ಅಧೀಕ್ಷಕರು 'ಅಭ್ಯರ್ಥಿಯಲ್ಲಿ ಹೊಸಬರ ಅಳುಕು ಕಂಡುಬಂದಿದೆ' ಎಂದು ಅಂಚಿನಲ್ಲಿ ಟಿಪ್ಪಣಿ ಬರೆದರು.

ಸಮಾರಂಭ ಸಾಂಗವಾಗಿ ನಡೆಯಿತು. ಮೂಲನಿವಾಸಿಗಳಲ್ಲಿ ಇದುವರೆಗೆ ಯಾರೂ ಚಲನಚಿತ್ರ ನಿರ್ಮಿಸಿಲ್ಲವೆಂದು ಅಧ್ಯಕ್ಷರು ಗದ್ಗದಿತರಾಗಿ ಹೇಳಿದರು. ಹಿಂದಿನ ಐದೂ ಸಮಾರಂಭಗಳಿಗೆ ಬಂದಿದ್ದ ಸಭಿಕರು ಆಶ್ಚರ್ಯಪಟ್ಟು ಚಪ್ಪಾಳೆ ತಟ್ಟಿದರು. ಬಲೆ ಹೆಣೆದ ವ್ಯಕ್ತಿಗೆ ಭರವಸೆಯ ಹೊಸ ನಟ ಪ್ರಶಸ್ತಿ ಘೋಷಣೆಯಾಯಿತು. ಮುಂದಿನ ವರ್ಷ ಅವರಿಂದ ಇನ್ನೂ ಪ್ರಬುದ್ಧ ಅಭಿನಯವನ್ನು ನಿರೀಕ್ಷಿಸಲಾಗಿದೆ.

ಮುಂದಿನ ಸಾಲು ಸದಸ್ಯರ ಕುಟುಂಬಗಳಿಗೆ ಮೀಸಲಾಗಿದ್ದರಿಂದ ಅಮ್ಮ ಪರದೆಯ ಪಕ್ಕದ ಗೋಡೆಗೆ ಒರಗಿ ನಿಂತು ನೋಡಿದಳು. "ಈಗ ನೋಡು, ಈಗ," ಎಂದು ಮಗಳ ಕೈ ಹಿಡಿದಳು. ಅಪ್ಪ ಸೀನಿದ, ನಕ್ಕ. ಅಮ್ಮನೂ ನಕ್ಕಳು, ಕಣ್ಣೊರೆಸಿಕೊಂಡಳು.

ದೀಪಗಳು ಹತ್ತಿದವು. ಅಧೀಕ್ಷಕರು ಹತ್ತಿರ ಬಂದು, ಮಗಳ ಈ ಚೊಚ್ಚಲ ಪ್ರಯತ್ನ ಹೇಗನ್ನಿಸಿತೆಂದು ಅಮ್ಮನನ್ನು ಕೇಳಿದರು. ಇನ್ನೂ ಕಪಾಟಿನಲ್ಲೇ ಇದ್ದ ಉಳಿದ ನಾಲ್ಕು ಚಿತ್ರಗಳಲ್ಲೂ ಅಮ್ಮ ನಟಿಸಿದ್ದಳು. ಅವಳು ಅಧೀಕ್ಷಕರನ್ನು ನೋಡಿದಳು, ಅವರ ಸೊಂಟದಲ್ಲಿದ್ದ ಕಪಾಟಿನ ಬೀಗದಕೈಯನ್ನು ನೋಡಿದಳು, ಆಮೇಲೆ ಮಗಳ ಕಡೆ ತಿರುಗಿದಳು.

"ಮೊದಲನೇ ಸಲಕ್ಕೆ ಚೆನ್ನಾಗೇ ಮಾಡಿದೀಯ ಕಣೇ."